ಹೆಪ್ಪುಗಟ್ಟಿದರೂ ಸಾಯದ ಹುಳು: ಹಿಮನಾಡಿನ ಪ್ರಾಣಿಜನ್ಯ ರೋಗಗಳು

ಚಳಿಗೆ ರೋಗಾಣುಗಳು ಸಾಯುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಫ್ರಿಜ್ಜಿನಲ್ಲಿಟ್ಟ ಹಾಲು ಬೇಗ ಕೆಡುವುದಿಲ್ಲ; ಹೆಪ್ಪುಗಟ್ಟಿಸಿದ ಮೀನು ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾದರೆ ವರ್ಷದ ಹೆಚ್ಚು ಕಾಲ ಹಿಮ ಮುಚ್ಚಿರುವ ಆರ್ಕ್ಟಿಕ್ ಪ್ರದೇಶದಲ್ಲಿ ಸೋಂಕುರೋಗಗಳ ಕಾಟವೇ ಇರಬಾರದಲ್ಲವೆ? ವಸ್ತುಸ್ಥಿತಿ ಹಾಗಿಲ್ಲ. ಶೀತವು ಬಹುಪಾಲು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ, ಅಷ್ಟೆ. ಕೆಲವನ್ನು ಅದು ಕೊಲ್ಲುತ್ತದೆ. ಕೆಲವನ್ನು ಜೋಪಾನವಾಗಿ ಕಾಪಾಡಿಯೂ ಇಡುತ್ತದೆ.

ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೋಗಗಳನ್ನು ಪ್ರಾಣಿಜನ್ಯ ರೋಗಗಳು ಎನ್ನುತ್ತೇವೆ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ನಮಗೆಲ್ಲ ಗೊತ್ತಿರುವ ಉದಾಹರಣೆ. ಬೇಟೆ, ಮೀನುಗಾರಿಕೆ ಮತ್ತು ಹಿಮಸಾರಂಗಗಳನ್ನು ನಂಬಿ ಬದುಕುವ ಆರ್ಕ್ಟಿಕ್ ಜನರಿಗೆ ಪ್ರಾಣಿಗಳೊಡನೆ ದಿನನಿತ್ಯದ ಒಡನಾಟವಿರುವುದರಿಂದ ಈ ರೋಗಗಳೂ ಹತ್ತಿರದಲ್ಲೇ ಇರುತ್ತವೆ. ಇಲ್ಲಿ ಒಂದು ಸ್ವಾರಸ್ಯವಿದೆ. ಬೆಚ್ಚಗಿನ ನಾಡುಗಳಲ್ಲಿ ರೂಪುಗೊಂಡ ಆರೋಗ್ಯದ ಬುದ್ಧಿಮಾತುಗಳಲ್ಲಿ ಹಲವು ಅಲ್ಲಿ ನಡೆಯುವುದಿಲ್ಲ. "ಮಾಂಸವನ್ನು ಹೆಪ್ಪುಗಟ್ಟಿಸಿ, ಹುಳು ಸಾಯುತ್ತದೆ", "ಬೆಕ್ಕಿನ ಬಗ್ಗೆ ಎಚ್ಚರವಿರಲಿ", "ಎಲ್ಲವನ್ನೂ ಬೇಯಿಸಿ ತಿನ್ನಿ" ಎಂಬ ಮೂರು ಮಾತುಗಳನ್ನೇ ತೆಗೆದುಕೊಳ್ಳಿ. ಇವು ಅಲ್ಲಿ ಏಕೆ ಸೋಲುತ್ತವೆ, ಬದಲಿಗೆ ಅಲ್ಲಿನವರು ಏನು ಮಾಡಿದ್ದಾರೆ ಎಂಬುದನ್ನು ನೋಡೋಣ.

ಎಲ್ಲಿ, ಯಾರು, ಏನು ತಿನ್ನುತ್ತಾರೆ?

ನಿಮ್ಮ ಶಾಲೆಯ ಭೂಗೋಳವನ್ನು ತೆಗೆದುಕೊಂಡು ಉತ್ತರ ಧ್ರುವವನ್ನು ಮೇಲಿನಿಂದ ನೋಡಿ. ನಡುವೆ ಹೆಪ್ಪುಗಟ್ಟಿದ ಸಮುದ್ರ. ಸುತ್ತಲೂ ಅಲಾಸ್ಕ, ಕೆನಡ, ಗ್ರೀನ್‌ಲ್ಯಾಂಡ್, ನಾರ್ವೆ, ರಷ್ಯಗಳ ಉತ್ತರದ ಅಂಚು. ಅಲಾಸ್ಕದಿಂದ ಗ್ರೀನ್‌ಲ್ಯಾಂಡ್‌ವರೆಗೆ ಇನ್ಯುಯಿಟ್ ಮತ್ತು ಅವರ ಸಂಬಂಧಿ ಜನಾಂಗಗಳು, ಉತ್ತರ ಯುರೋಪಿನಲ್ಲಿ ಸಾಮಿ ಜನ, ಸೈಬೀರಿಯದ ಯಮಾಲ್ ಪರ್ಯಾಯದ್ವೀಪದಲ್ಲಿ ನೆನೆಟ್ಸ್ ಎಂಬ ಹಿಮಸಾರಂಗ ಪಾಲಕರು ವಾಸಿಸುತ್ತಾರೆ.

ಈ ಲೇಖನದಲ್ಲಿ ಮತ್ತೆ ಮತ್ತೆ ಬರುವ ಹೆಸರು ನುನಾವಿಕ್. ಇದು ಕೆನಡದ ಕ್ವಿಬೆಕ್ ಪ್ರಾಂತದ ಉತ್ತರ ಭಾಗ. ಆರ್ಕ್ಟಿಕ್ ವೃತ್ತಕ್ಕೆ ದಕ್ಷಿಣದಲ್ಲಿದ್ದರೂ ಅದರ ಬಹುಭಾಗ ಮರಗಳಿಲ್ಲದ ತುಂಡ್ರ. ಇಲ್ಲಿನ ಕರಾವಳಿಯಲ್ಲಿ 14 ಹಳ್ಳಿಗಳಿವೆ. ಒಟ್ಟು ಜನಸಂಖ್ಯೆ ಸುಮಾರು 14,000. ಬಹುಪಾಲು ಜನ ಇನ್ಯುಯಿಟ್. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ದಕ್ಷಿಣದ ನಗರಗಳಿಗೂ ಇಲ್ಲ. ಸಣ್ಣ ವಿಮಾನ, ಇಲ್ಲವೆ ಬೇಸಗೆಯಲ್ಲಿ ಬರುವ ಹಡಗು. ರಕ್ತದ ಮಾದರಿಯೊಂದನ್ನು ಪರೀಕ್ಷೆಗೆ ಕಳಿಸಬೇಕಾದರೂ ಹವಾಮಾನ ತಿಳಿಯಾಗುವವರೆಗೆ ಕಾಯಬೇಕಾಗಬಹುದು. 'ದೂರದ ಊರು' ಎಂಬ ಮಾತಿಗೆ ಅಲ್ಲಿರುವ ಅರ್ಥ ಇದು.

ಇಂಥ ಕಡೆ ತರಕಾರಿ, ಹಣ್ಣು ಬೆಳೆಯುವುದಿಲ್ಲ. ಅಂಗಡಿಗೆ ವಿಮಾನದಲ್ಲಿ ಬರುವ ತರಕಾರಿಯ ಬೆಲೆ ದಕ್ಷಿಣದ ಬೆಲೆಗಿಂತ ಬಹಳ ಹೆಚ್ಚು. ಸೀಲ್, ವಾಲ್ರಸ್, ಬೆಲೂಗ ತಿಮಿಂಗಿಲ, ಕ್ಯಾರಿಬೂ ಎಂಬ ಕಾಡು ಹಿಮಸಾರಂಗ, ಮೀನು, ಬಾತು—ಇವೇ ಅವರ 'ನಾಡಿನ ಆಹಾರ'. ಇದರಲ್ಲಿ ಸಾಕಷ್ಟನ್ನು ಹಸಿಯಾಗಿ, ಹೆಪ್ಪುಗಟ್ಟಿಸಿ, ಒಣಗಿಸಿ ಅಥವಾ ಹುಳಿಬರಿಸಿ ತಿನ್ನುತ್ತಾರೆ. ಇದನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರು ಮುಖ ಸಿಂಡರಿಸಬಹುದು. ಆದರೆ ಒಂದು ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಿ: ಹಣ್ಣು-ಸೊಪ್ಪು ಇಲ್ಲದ ನಾಡಿನಲ್ಲಿ ಈ ಜನರಿಗೆ ಸ್ಕರ್ವಿ ರೋಗ ಏಕೆ ಬರಲಿಲ್ಲ? ಯುರೋಪಿನ ನಾವಿಕರು ಅದೇ ಕಡಲಿನಲ್ಲಿ ವಸಡು ಕೊಳೆತು ಸಾಯುತ್ತಿದ್ದರು. ಉತ್ತರ ಇರುವುದು ತಿಮಿಂಗಿಲದ ಚರ್ಮ, ಸೀಲ್‌ನ ಯಕೃತ್ತು ಮುಂತಾದ ಹಸಿ ಆಹಾರದಲ್ಲಿ. ಅವುಗಳಲ್ಲಿ ಗಣನೀಯ ಪ್ರಮಾಣದ ಸಿ ಜೀವಸತ್ವವಿದೆ. ಬಹಳ ಹೊತ್ತು ಬೇಯಿಸಿದರೆ ಅದರಲ್ಲಿ ಬಹುಭಾಗ ನಾಶವಾಗುತ್ತದೆ. ಆದ್ದರಿಂದ ಹಸಿ ಮಾಂಸ ಅಜ್ಞಾನದ ಗುರುತಲ್ಲ. ಆ ನೆಲದಲ್ಲಿ ಬದುಕುಳಿಯಲು ಕಂಡುಕೊಂಡ ದಾರಿ. 'ಎಲ್ಲವನ್ನೂ ಬೇಯಿಸಿ' ಎಂದು ಹೇಳುವುದು ಸುಲಭ. ಹಾಗೆ ಹೇಳಿದಾಗ ರೋಗದ ಜೊತೆಗೆ ಇನ್ನೇನು ಕೈಬಿಟ್ಟು ಹೋಗುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು.

ಸ್ನಾಯುವಿನಲ್ಲಿ ಸುರುಳಿ

1835ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ಮೊದಲ ವರ್ಷದ ವೈದ್ಯ ವಿದ್ಯಾರ್ಥಿ ಶವವೊಂದರ ಸ್ನಾಯುವಿನಲ್ಲಿ ಮರಳಿನಂಥ ಬಿಳಿ ಕಣಗಳನ್ನು ಕಂಡ. ಅದನ್ನು ಬೇರೆಯವರೂ ನೋಡಿದ್ದರು, ಗಮನ ಕೊಟ್ಟಿರಲಿಲ್ಲ. ಈತ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಪ್ರತಿ ಕಣದೊಳಗೂ ಸುರುಳಿ ಸುತ್ತಿಕೊಂಡ ಪುಟ್ಟ ಹುಳು ಇತ್ತು! ರಿಚರ್ಡ್ ಓವೆನ್ ಅದಕ್ಕೆ ಹೆಸರಿಟ್ಟ. ಇಂದು ನಾವು ಅದನ್ನು ಟ್ರೈಕಿನೆಲ್ಲ ಎಂದು ಕರೆಯುತ್ತೇವೆ.

ಈ ದುಂಡುಹುಳುವಿನ ಜೀವನಚಕ್ರ ವಿಚಿತ್ರವಾದುದು. ಇದಕ್ಕೆ ಮಣ್ಣು, ನೀರು, ಸೊಳ್ಳೆ ಯಾವುದೂ ಬೇಕಿಲ್ಲ. ಒಂದು ಪ್ರಾಣಿಯ ಮಾಂಸವನ್ನು ಇನ್ನೊಂದು ಪ್ರಾಣಿ ತಿಂದರೆ ಸಾಕು. ಮಾಂಸದೊಳಗಿನ ಮರಿಹುಳುಗಳು ತಿಂದವರ ಜಠರರಸದಲ್ಲಿ ಕೋಶದಿಂದ ಹೊರಬರುತ್ತವೆ. ಸಣ್ಣಕರುಳನ್ನು ಸೇರಿ ಕೆಲವೇ ದಿನಗಳಲ್ಲಿ ಪ್ರೌಢವಾಗಿ ಕೂಡುತ್ತವೆ. ಹೆಣ್ಣು ಹುಳು ಮೊಟ್ಟೆ ಇಡುವುದಿಲ್ಲ, ಜೀವಂತ ಮರಿಗಳನ್ನೇ ಹಾಕುತ್ತದೆ. ಅವು ರಕ್ತದ ಮೂಲಕ ದೇಹವೆಲ್ಲ ಸಂಚರಿಸಿ ಸ್ನಾಯುಕೋಶಗಳನ್ನು ಹೊಕ್ಕು, ಆ ಕೋಶವನ್ನೇ ತಮ್ಮ ಮನೆಯಾಗಿ ಮಾರ್ಪಡಿಸಿಕೊಂಡು ಸುರುಳಿ ಸುತ್ತಿ ಮಲಗುತ್ತವೆ. ಮುಂದಿನ ಪ್ರಾಣಿ ಬಂದು ತಿನ್ನುವವರೆಗೆ ಅವಕ್ಕೆ ಅವಸರವಿಲ್ಲ.

ರೋಗಿಗೆ ಮೊದಲು ಹೊಟ್ಟೆನೋವು, ಭೇದಿ. ಅನಂತರ ಜ್ವರ, ಮುಖ ಮತ್ತು ಕಣ್ಣುರೆಪ್ಪೆಗಳ ಊತ, ತೀವ್ರ ಸ್ನಾಯುನೋವು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಸಾವೂ ಸಂಭವಿಸಬಹುದು. 1947ರಲ್ಲಿ ಪಶ್ಚಿಮ ಗ್ರೀನ್‌ಲ್ಯಾಂಡಿನಲ್ಲಿ ಸುಮಾರು 300 ಜನರಿಗೆ ಇದು ತಗಲಿ 33 ಮಂದಿ ಸತ್ತರು. ಆರ್ಕ್ಟಿಕ್ ಜನರಲ್ಲಿ ಇದು ಎಷ್ಟು ಗಂಭೀರ ರೋಗ ಎಂಬುದು ವೈದ್ಯಲೋಕಕ್ಕೆ ಮನವರಿಕೆಯಾದದ್ದು ಆಗಲೇ.

ಯುರೋಪ್, ಅಮೆರಿಕಗಳಲ್ಲಿ ಈ ರೋಗಕ್ಕೆ ಮುಖ್ಯ ಕಾರಣ ಹಂದಿಮಾಂಸ. ಅಲ್ಲಿನವರು ಪರಿಹಾರವನ್ನೂ ಕಂಡುಕೊಂಡಿದ್ದರು: ತೆಳ್ಳಗಿನ ಮಾಂಸದ ತುಂಡನ್ನು ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಮೂರು ವಾರ ಇಟ್ಟರೆ ಹುಳು ಸಾಯುತ್ತದೆ. ಆರ್ಕ್ಟಿಕ್‌ನಲ್ಲಿ ಮಾಂಸ ತಾನಾಗಿಯೇ ಇದಕ್ಕಿಂತ ಹೆಚ್ಚು ತಣ್ಣಗಿರುತ್ತದೆ. ಹೀಗಿರುವಾಗ ಅಲ್ಲಿ ರೋಗವೇ ಇರಬಾರದಿತ್ತು. ಗುಟ್ಟೇನೆಂದರೆ, ಹಂದಿಯಲ್ಲಿರುವುದು ಟ್ರೈಕಿನೆಲ್ಲ ಸ್ಪೈರಾಲಿಸ್. ಹಿಮಕರಡಿ, ಹಿಮನರಿ, ವಾಲ್ರಸ್‌ಗಳಲ್ಲಿರುವುದು ಅದರ ಸೋದರ ಪ್ರಭೇದವಾದ ಟ್ರೈಕಿನೆಲ್ಲ ನೇಟಿವ. ಮಾಂಸಾಹಾರಿ ಪ್ರಾಣಿಯ ಸ್ನಾಯುವಿನಲ್ಲಿ ಇದು ಹೆಪ್ಪುಗಟ್ಟಿದ ಸ್ಥಿತಿಯಲ್ಲೂ ವರ್ಷಗಟ್ಟಲೆ ಬದುಕಿರಬಲ್ಲದು. ಇದೇ ಪ್ರಭೇದವನ್ನು ಪ್ರಯೋಗಾಲಯದ ಇಲಿಗೆ ತಗಲಿಸಿ ಆ ಮಾಂಸವನ್ನು ಹೆಪ್ಪುಗಟ್ಟಿಸಿದರೆ ಅಷ್ಟು ಕಾಲ ಬದುಕುವುದಿಲ್ಲ ಎಂಬುದು ಇನ್ನೊಂದು ಸೋಜಿಗ. ಅಂದರೆ ಶೀತ ತಾಳುವ ಶಕ್ತಿ ಹುಳುವಿನದಷ್ಟೇ ಅಲ್ಲ, ಅದು ಮಲಗಿರುವ ಸ್ನಾಯುವಿನ ಪಾತ್ರವೂ ಅದರಲ್ಲಿದೆ. ಒಣಗಿಸುವುದು, ಹೊಗೆಯಾಡಿಸುವುದು, ಹುಳಿಬರಿಸುವುದು ಕೂಡ ನಂಬಲರ್ಹವಲ್ಲ. ಚೆನ್ನಾಗಿ ಬೇಯಿಸುವುದೊಂದೇ ಖಚಿತ ಮಾರ್ಗ.

ಹೊರಗಿನಿಂದ ಹೋದವರಿಗೆ ಇದು ಗೊತ್ತಿರಲಿಲ್ಲ. 1897ರ ಜುಲೈನಲ್ಲಿ ಸ್ವೀಡನ್ನಿನ ಎಸ್. ಎ. ಆಂಡ್ರೆ ಮತ್ತು ಇಬ್ಬರು ಸಂಗಡಿಗರು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟರು. ಬಲೂನು ಕೆಲವೇ ದಿನಗಳಲ್ಲಿ ಹಿಮದ ಮೇಲೆ ಇಳಿಯಿತು. ಅವರು ಹಿಮಕರಡಿಗಳನ್ನು ಬೇಟೆಯಾಡಿ ತಿನ್ನುತ್ತ ನಡೆದು, ಕೊನೆಗೆ ಬಿಳಿದ್ವೀಪ ಎಂಬ ಒಂಟಿ ನಡುಗಡ್ಡೆಯಲ್ಲಿ ಸತ್ತರು. ದೇಹಗಳು ಮತ್ತು ದಿನಚರಿಗಳು ಸಿಕ್ಕಿದ್ದು 1930ರಲ್ಲಿ. ಡೆನ್ಮಾರ್ಕಿನ ಟ್ರೈಡೆ ಎಂಬ ವೈದ್ಯ ಶಿಬಿರದ ಕರಡಿ ಅವಶೇಷಗಳಲ್ಲಿ ಟ್ರೈಕಿನೆಲ್ಲ ಇದ್ದುದನ್ನು ಕಂಡು, ಇದೇ ಅವರ ಸಾವಿಗೆ ಕಾರಣವೆಂದು 1952ರಲ್ಲಿ ವಾದಿಸಿದ. ಎಲ್ಲರೂ ಒಪ್ಪಿಲ್ಲ, ಚಳಿ, ವಿಷಾನಿಲ, ಕರಡಿಯ ದಾಳಿ ಎಂಬ ಊಹೆಗಳೂ ಇವೆ. ಗಮನಿಸಬೇಕಾದ ಸಂಗತಿ ಬೇರೆ. ಸೀಲ್ ಮಾಂಸವನ್ನು ಹಸಿಯಾಗಿ ತಿನ್ನುವ ಇನ್ಯುಯಿಟ್ ಜನ ಹಿಮಕರಡಿಯ ಮಾಂಸವನ್ನು ಸಾಮಾನ್ಯವಾಗಿ ಬೇಯಿಸಿಯೇ ತಿನ್ನುತ್ತಾರೆ. ಹಿಮಕರಡಿಗಳಲ್ಲಿ ಟ್ರೈಕಿನೆಲ್ಲ ಬಹಳ ಸಾಮಾನ್ಯ, ಸೀಲ್‌ಗಳಲ್ಲಿ ತೀರ ಅಪರೂಪ ಎಂಬುದನ್ನು ನಮ್ಮ ಸೂಕ್ಷ್ಮದರ್ಶಕಗಳು ತಿಳಿಸಿದ್ದು ಬಹಳ ತಡವಾಗಿ.

ತೊಡಕಿರುವುದು ವಾಲ್ರಸ್‌ನಲ್ಲಿ. ಉದ್ದ ದಂತಗಳ ಈ ಕಡಲ ಸಸ್ತನಿ ಮುಖ್ಯವಾಗಿ ಸಮುದ್ರತಳದ ಚಿಪ್ಪುಜೀವಿಗಳನ್ನು ತಿನ್ನುತ್ತದೆ. ಆದರೆ ಕೆಲವು ವಾಲ್ರಸ್‌ಗಳು ಸೀಲ್‌ಗಳನ್ನೂ ಸತ್ತ ಪ್ರಾಣಿಗಳನ್ನೂ ತಿನ್ನುತ್ತವೆ. ಹಾಗಾಗಿ ಹುಳು ಕೆಲವುದರಲ್ಲಿ ಇರುತ್ತದೆ, ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಹೊರನೋಟಕ್ಕೆ ವ್ಯತ್ಯಾಸವೇ ತಿಳಿಯದು. ಒಂದು ಗಂಡು ವಾಲ್ರಸ್ ಒಂದು ಟನ್ನಿನಷ್ಟು ತೂಗಬಹುದು. ಮಾಂಸವನ್ನು ಊರಿನವರೆಲ್ಲ ಹಂಚಿಕೊಳ್ಳುತ್ತಾರೆ. ಒಂದೇ ಪ್ರಾಣಿಯಲ್ಲಿ ಹುಳು ಇದ್ದರೆ ಹತ್ತಾರು ಮನೆಗಳಲ್ಲಿ ರೋಗ! 1980ರ ದಶಕದಲ್ಲಿ ನುನಾವಿಕ್‌ನಲ್ಲಿ ಇಂಥ ಪ್ರಕರಣಗಳು ನಡೆದವು. ಅವುಗಳನ್ನು ಅಧ್ಯಯನ ಮಾಡಿದ ವೈದ್ಯರು, ಹಿಂದೆಯೇ ಒಮ್ಮೆ ಸೋಂಕು ತಗಲಿದ್ದವರಲ್ಲಿ ರೋಗದ ರೂಪವೇ ಬೇರೆಯಾಗಿರುವುದನ್ನು ಗುರುತಿಸಿದರು. ಅಂಥವರಲ್ಲಿ ಜ್ವರ, ಸ್ನಾಯುನೋವು ಕಡಮೆ. ಭೇದಿ ಮಾತ್ರ ವಾರಗಟ್ಟಲೆ ನಿಲ್ಲದು. ಪಠ್ಯಪುಸ್ತಕದ ಲಕ್ಷಣಗಳನ್ನೇ ಹುಡುಕುತ್ತ ಕೂತ ವೈದ್ಯ ಈ ರೋಗಿಯನ್ನು ಗುರುತಿಸಲಾರ.

ನಾಲಿಗೆಯ ಪರೀಕ್ಷೆ

ಈಗ ಎರಡು ದಾರಿಗಳಿದ್ದವು. ಒಂದು, ವಾಲ್ರಸ್ ಮಾಂಸವನ್ನು ಹಸಿಯಾಗಿ ತಿನ್ನಬೇಡಿ ಎಂದು ಫಲಕ ಹಾಕುವುದು. ಇನ್ನೊಂದು, ಯಾವ ವಾಲ್ರಸ್‌ನಲ್ಲಿ ಹುಳು ಇದೆ ಎಂದು ಕಂಡುಹಿಡಿಯುವುದು. ನುನಾವಿಕ್‌ನ ಜನ ಎರಡನೆಯದನ್ನು ಆರಿಸಿಕೊಂಡರು. 1990ರ ದಶಕದಲ್ಲಿ ಆರಂಭವಾದ ಈ ವ್ಯವಸ್ಥೆ ಹೀಗಿದೆ. ಬೇಟೆಗಾರರು ತಾವು ಹೊಡೆದ ಪ್ರತಿ ವಾಲ್ರಸ್‌ನ ನಾಲಿಗೆಯನ್ನು ಗುರುತು ಹಚ್ಚಿ, ಇನ್ಯುಯಿಟ್ ಸಂಸ್ಥೆಯೇ ನಡೆಸುವ ಕುಜುವಾಕ್ ಊರಿನ ಸಂಶೋಧನಾ ಕೇಂದ್ರಕ್ಕೆ ವಿಮಾನದಲ್ಲಿ ಕಳಿಸುತ್ತಾರೆ. ಫಲಿತಾಂಶ ಬರುವವರೆಗೆ ಆಯಾ ಪ್ರಾಣಿಯ ಮಾಂಸವನ್ನು ಬೇರೆ ಬೇರೆಯಾಗಿ ಇಟ್ಟಿರುತ್ತಾರೆ, ಹಂಚುವುದಿಲ್ಲ.

ನಾಲಿಗೆಯೇ ಏಕೆ? ಸದಾ ಕೆಲಸ ಮಾಡುವ, ರಕ್ತಸಂಚಾರ ಹೆಚ್ಚಿರುವ ಸ್ನಾಯುಗಳಲ್ಲಿ ಈ ಹುಳುಗಳು ಹೆಚ್ಚು. ನಾಲಿಗೆ, ವಪೆ, ದವಡೆಯ ಸ್ನಾಯುಗಳು ಇಂಥವು. ನಾಲಿಗೆಯಲ್ಲಿ ಇಲ್ಲವೆಂದರೆ ಉಳಿದ ಮಾಂಸವೂ ಸುರಕ್ಷಿತ ಎಂದು ಹೇಳಬಹುದು.

ಪರೀಕ್ಷೆಯ ತತ್ತ್ವ ನಿಮ್ಮ ಪ್ರೌಢಶಾಲೆಯ ಜೀವಶಾಸ್ತ್ರದ ಪಾಠದಲ್ಲೇ ಇದೆ. ಜಠರದಲ್ಲಿ ನಡೆಯುವುದನ್ನೇ ಗಾಜಿನ ಪಾತ್ರೆಯಲ್ಲಿ ನಡೆಸುತ್ತಾರೆ. ಸಣ್ಣಗೆ ಕೊಚ್ಚಿದ ನಾಲಿಗೆಯನ್ನು ಪೆಪ್ಸಿನ್ ಮತ್ತು ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಬೆಚ್ಚಗಿನ ದ್ರಾವಣದಲ್ಲಿ ಹಾಕಿ ಕಲಕುತ್ತಾರೆ. ಮಾಂಸ ಜೀರ್ಣವಾಗುತ್ತದೆ, ಜಠರರಸಕ್ಕೆ ಜಗ್ಗದಂತೆ ವಿಕಾಸಗೊಂಡ ಹುಳುಮರಿ ಜೀರ್ಣವಾಗುವುದಿಲ್ಲ! ದ್ರಾವಣವನ್ನು ಸೋಸಿ, ತಳಕ್ಕಿಳಿದ ಗಸಿಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಸುರುಳಿಗಳು ಕಾಣುತ್ತವೆ. ಹುಳುವಿನ ಬಲವನ್ನೇ ಅದನ್ನು ಹಿಡಿಯುವ ಉಪಾಯವಾಗಿ ಬಳಸಿದ ಈ ವಿಧಾನ ನನಗೆ ಬಹಳ ಇಷ್ಟ. (ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ಪೆಪ್ಸಿನ್ ಮತ್ತು ಆಮ್ಲದಲ್ಲಿ ಕರಗಿಸುವ ಪ್ರಯೋಗವನ್ನು ಮಾಡಿಸುವ ಶಿಕ್ಷಕರು ಈ ಉದಾಹರಣೆಯನ್ನು ಜೊತೆಗೆ ಹೇಳಬಹುದು.)

ನಾಲಿಗೆ ಕೇಂದ್ರವನ್ನು ತಲಪಿದ ಒಂದು ದಿನದೊಳಗೆ ಫಲಿತಾಂಶ ಹಳ್ಳಿಗೆ ತಿಳಿಯುತ್ತದೆ. ಹುಳು ಇದ್ದರೆ ಆ ಒಂದು ಪ್ರಾಣಿಯ ಮಾಂಸವನ್ನು ನಾಶ ಮಾಡುತ್ತಾರೆ. ಉಳಿದವನ್ನು ಎಂದಿನಂತೆ ಹಂಚಿ ತಿನ್ನುತ್ತಾರೆ. ಬೇಟೆ ನಿಲ್ಲಲಿಲ್ಲ, ಊಟ ಬದಲಾಗಲಿಲ್ಲ. ದೊಡ್ಡ ಪ್ರಮಾಣದಲ್ಲಿ ಹರಡುವ ಅಪಾಯ ಮಾತ್ರ ಇಳಿಯಿತು. ಬೇಟೆಗಾರನೇ ಮಾದರಿ ತೆಗೆದು ಕಳಿಸಬೇಕಾದ್ದರಿಂದ ಅವನ ಸಹಕಾರವಿಲ್ಲದೆ ಇದು ಒಂದು ದಿನವೂ ನಡೆಯುವುದಿಲ್ಲ.

ಬೆಕ್ಕಿಲ್ಲದ ಊರಿನಲ್ಲಿ ಬೆಕ್ಕಿನ ರೋಗ

ಟಾಕ್ಸೊಪ್ಲಾಸ್ಮ ಎಂಬ ಏಕಕೋಶ ಪರೋಪಜೀವಿಯ ಹೆಸರನ್ನು ನೀವು ಕೇಳಿರಬಹುದು. ಇದರ ಲೈಂಗಿಕ ಸಂತಾನೋತ್ಪತ್ತಿ ನಡೆಯುವುದು ಬೆಕ್ಕಿನ ಕುಟುಂಬದ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಬೆಕ್ಕಿನ ಮಲದಲ್ಲಿ ಹೊರಬೀಳುವ ಮೊಟ್ಟೆಯಂಥ ಗಟ್ಟಿ ಕೋಶಗಳಿಂದ, ಇಲ್ಲವೆ ಸೋಂಕಿತ ಪ್ರಾಣಿಯ ಹಸಿ ಮಾಂಸದಿಂದ ಇದು ಹರಡುತ್ತದೆ. ಆರೋಗ್ಯವಂತರಿಗೆ ಹೆಚ್ಚಿನ ತೊಂದರೆಯಿಲ್ಲ. ಆದರೆ ಗರ್ಭಿಣಿಗೆ ಆ ಅವಧಿಯಲ್ಲಿ ಮೊದಲ ಬಾರಿ ಸೋಂಕು ತಗಲಿದರೆ ಮಗುವಿನ ಕಣ್ಣಿಗೆ, ಮೆದುಳಿಗೆ ಹಾನಿಯಾಗಬಹುದು.

ತುಂಡ್ರದಲ್ಲಿ ಕಾಡುಬೆಕ್ಕುಗಳಿಲ್ಲ, ಸಾಕುಬೆಕ್ಕುಗಳೂ ವಿರಳ. ಆದರೂ 2004ರಲ್ಲಿ ನುನಾವಿಕ್‌ನಲ್ಲಿ ನಡೆದ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ರಕ್ತವನ್ನು ಪರೀಕ್ಷಿಸಿದಾಗ ಸುಮಾರು ಶೇ. 60 ಮಂದಿಯಲ್ಲಿ ಈ ಪರೋಪಜೀವಿಯ ವಿರುದ್ಧ ಪ್ರತಿಕಾಯಗಳಿದ್ದವು. ಇದು ಎಲ್ಲಿಂದ ಬಂತು? ನುನಾವಿಕ್‌ನ ದಕ್ಷಿಣಕ್ಕೆ ಮರಗಳಿರುವ ಕಾಡಿನಲ್ಲಿ ಲಿಂಕ್ಸ್ ಎಂಬ ಕಾಡುಬೆಕ್ಕು ಇದೆ. ಚಳಿಗಾಲವಿಡೀ ಅದು ಹಾಕಿದ ಮಲದಲ್ಲಿನ ಕೋಶಗಳು ಹಿಮದ ಮೇಲೆ ಉಳಿದು, ವಸಂತದಲ್ಲಿ ಹಿಮ ಕರಗಿದಾಗ ಹೊಳೆಗಳಲ್ಲಿ ಕೊಚ್ಚಿಕೊಂಡು ಉತ್ತರದ ಅಳಿವೆಗಳನ್ನು ಸೇರುತ್ತವೆ. ಅಲ್ಲಿನ ಚಿಪ್ಪುಜೀವಿ, ಮೀನುಗಳ ಮೂಲಕ ಸೀಲ್‌ಗಳನ್ನು ಮುಟ್ಟುತ್ತವೆ. ಇದು ಸಂಶೋಧಕರು ಮುಂದಿಟ್ಟಿರುವ ವಿವರಣೆಗಳಲ್ಲಿ ಒಂದು. ಸೀಲ್‌ಗಳಲ್ಲಿ ಪ್ರತಿಕಾಯಗಳು ಕಂಡುಬಂದಿರುವುದಂತೂ ನಿಜ. ಬೆಕ್ಕನ್ನೇ ನೋಡದ ಊರಿಗೆ ಬೆಕ್ಕಿನ ರೋಗ ಹೊಳೆಯಲ್ಲಿ ತೇಲಿ ಬರಬಹುದು ಎಂದಾಯಿತು.

ಇಲ್ಲಿಯೂ ಪರಿಹಾರ ಎಲ್ಲರ ಮೇಲೂ ಹೇರಿದ ನಿಷೇಧವಲ್ಲ. ನುನಾವಿಕ್‌ನಲ್ಲಿ 1982ರಿಂದ ಗರ್ಭಿಣಿಯರ ರಕ್ತಪರೀಕ್ಷೆ ನಡೆಯುತ್ತ ಬಂದಿದೆ. ಮೊದಲೇ ಸೋಂಕು ತಗಲಿ ರೋಧಶಕ್ತಿ ಪಡೆದವರಿಗೆ ಚಿಂತೆಯಿಲ್ಲ. ಪ್ರತಿಕಾಯ ಇಲ್ಲದವರಿಗೆ ಮಾತ್ರ, ಆ ಕೆಲವು ತಿಂಗಳು ಹಸಿ ಮಾಂಸ ಬೇಡವೆಂದೂ ಪ್ರಾಣಿಗಳ ಚರ್ಮ ಸುಲಿಯುವಾಗ ಎಚ್ಚರ ವಹಿಸಬೇಕೆಂದೂ ಹೇಳುತ್ತಾರೆ. ಇನ್ನೊಂದು ಮಾತು. ಮಾಂಸದೊಳಗಿರುವ ಟಾಕ್ಸೊಪ್ಲಾಸ್ಮ ಕೋಶಗಳು ಮೈನಸ್ 12 ಡಿಗ್ರಿಯ ಹೊತ್ತಿಗೆ ಸಾಮಾನ್ಯವಾಗಿ ಸಾಯುತ್ತವೆ. ಟ್ರೈಕಿನೆಲ್ಲದ ಮುಂದೆ ಸೋತ ಶೀತ ಇಲ್ಲಿ ಗೆಲ್ಲುತ್ತದೆ. ಒಂದೇ ಊರು, ಒಂದೇ ಊಟ. ಆದರೆ ಪ್ರತಿ ಪರೋಪಜೀವಿಗೂ ಲೆಕ್ಕ ಬೇರೆ.

ನರಿ, ನಾಯಿ ಮತ್ತು ಸೂಜಿ

ಆರ್ಕ್ಟಿಕ್‌ನಲ್ಲಿ ರೇಬೀಸ್ ವೈರಸ್ಸಿನ ಮನೆ ಹಿಮನರಿ. ನರಿಗಳ ಸಂಖ್ಯೆ ಅವುಗಳ ಆಹಾರವಾದ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳ ಸಂಖ್ಯೆಯೊಡನೆ ಕೆಲವು ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ರೇಬೀಸ್ ಹಾವಳಿಯೂ ಹಾಗೆಯೇ ಬಂದು ಹೋಗುತ್ತದೆ. ಹಸಿದ ನರಿಗಳು ಹಿಮಗಡ್ಡೆಯ ಮೇಲೆ ನೂರಾರು ಕಿಲೋಮೀಟರ್ ಸಂಚರಿಸಬಲ್ಲವು. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ 1980ರಲ್ಲಿ ರೇಬೀಸ್ ಮೊದಲ ಬಾರಿ ಪತ್ತೆಯಾಯಿತು. ರೋಗಗ್ರಸ್ತ ನರಿ ಊರೊಳಗೆ ಬಂದು ನಾಯಿಗಳೊಡನೆ ಕಾದಾಡುತ್ತದೆ, ಅನಂತರ ಸರದಿ ಮನುಷ್ಯರದು. ಇಷ್ಟಾದರೂ ಅಲ್ಲಿ ಮನುಷ್ಯರು ರೇಬೀಸ್‌ನಿಂದ ಸತ್ತ ಪ್ರಕರಣಗಳು ಕಡಮೆ.

ಪಶುವೈದ್ಯರೇ ಇಲ್ಲದ ಹಳ್ಳಿಗಳಲ್ಲಿ ನಾಯಿಗಳಿಗೆ ಲಸಿಕೆ ಹಾಕುವವರಾರು? ಅಲಾಸ್ಕದಲ್ಲಿ ಹಳ್ಳಿಗರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಅವರ ಕೈಗೇ ಲಸಿಕೆ ಕೊಡುವ ಪದ್ಧತಿಯಿದೆ. ವೈದ್ಯ ಬರುವುದನ್ನು ಕಾಯುತ್ತ ಕೂತಿದ್ದರೆ ಲಸಿಕೆಯ ಅವಧಿಯೇ ಮುಗಿಯುತ್ತಿತ್ತೇನೋ!

ಇಲ್ಲಿ ನಮಗೂ ಸಂಬಂಧಿಸಿದ ವಿಷಯವೊಂದಿದೆ. ರೇಬೀಸ್ ವೈರಸ್ಸುಗಳ ಜೀನುಗಳನ್ನು ಹೋಲಿಸಿ ವಂಶವೃಕ್ಷ ರಚಿಸಿದ ವಿಜ್ಞಾನಿಗಳು, ಭಾರತದ ನಾಯಿಗಳಲ್ಲಿ ಹರಡಿರುವ ವೈರಸ್ಸುಗಳಲ್ಲಿ ಹೆಚ್ಚಿನವು ಹಿಮನರಿಗಳ ವೈರಸ್ಸಿಗೆ ಹತ್ತಿರದ ನಂಟರೆಂದು ಕಂಡುಕೊಂಡರು. ಅವುಗಳನ್ನು 'ಆರ್ಕ್ಟಿಕ್ ಮಾದರಿಯ' ರೇಬೀಸ್ ವೈರಸ್ ಎಂದೇ ಕರೆಯುತ್ತಾರೆ. ಹಿಮನರಿ ಭಾರತಕ್ಕೆ ಬಂದಿತ್ತು ಎಂದು ಇದರ ಅರ್ಥವಲ್ಲ. ಎರಡಕ್ಕೂ ಸಮಾನ ಪೂರ್ವಜ ಇತ್ತು ಎಂದಷ್ಟೆ. ನಮ್ಮ ಬೀದಿಯಲ್ಲಿ ನಾಯಿ ಕಚ್ಚಿದವನು ಮತ್ತು ತುಂಡ್ರದಲ್ಲಿ ನರಿ ಕಚ್ಚಿದವನು ತೆಗೆದುಕೊಳ್ಳಬೇಕಾದ ಲಸಿಕೆ ಒಂದೇ. ಗಾಯವನ್ನು ಸಾಬೂನು ನೀರಿನಿಂದ ತೊಳೆಯಬೇಕೆಂಬ ಸಲಹೆಯೂ ಒಂದೇ.

ನಾಯಿ ಮತ್ತು ನರಿ ಇನ್ನೊಂದು ರೋಗವನ್ನೂ ಹಂಚಿಕೊಳ್ಳುತ್ತವೆ. ಬೇರಿಂಗ್ ಸಮುದ್ರದ ಸೇಂಟ್ ಲಾರೆನ್ಸ್ ದ್ವೀಪದಲ್ಲಿ ರಾಬರ್ಟ್ ರೌಶ್ ಎಂಬ ಪರೋಪಜೀವಿ ತಜ್ಞರು 1950ರ ದಶಕದಿಂದ ಅಧ್ಯಯನ ಮಾಡಿದ ಎಕೈನೊಕಾಕಸ್ ಎಂಬ ಪುಟ್ಟ ಲಾಡಿಹುಳು ನರಿ ಮತ್ತು ನಾಯಿಯ ಕರುಳಿನಲ್ಲಿರುತ್ತದೆ. ಮಲದಲ್ಲಿ ಬೀಳುವ ಮೊಟ್ಟೆಗಳನ್ನು ವೋಲ್ ಎಂಬ ಹುಲ್ಲಿಲಿ ತಿನ್ನುತ್ತದೆ, ಇಲಿಯನ್ನು ನಾಯಿ ತಿನ್ನುತ್ತದೆ. ನಡುವೆ ಮನುಷ್ಯನ ಕೈಗೆ ಅಂಟಿದ ಮೊಟ್ಟೆ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ ಹುಳುವಿನ ಮರಿರೂಪ ಅರ್ಬುದದ ಗಡ್ಡೆಯಂತೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಬಹುತೇಕ ಮಾರಕ. ದ್ವೀಪದ ಸವೂಂಗ ಹಳ್ಳಿಯಲ್ಲಿ 1980ರ ದಶಕದಲ್ಲಿ ಎಲ್ಲ ನಾಯಿಗಳಿಗೂ ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಎಂಬ ಔಷಧ ಕೊಡುತ್ತ ಹೋದರು. ಸುಮಾರು ಹತ್ತು ವರ್ಷಗಳಲ್ಲಿ ಊರ ಸುತ್ತಲಿನ ಇಲಿಗಳಲ್ಲಿ ಸೋಂಕು ಬಹಳ ಮಟ್ಟಿಗೆ ಇಳಿಯಿತು. ಕಾಡಿನ ನರಿಗಳನ್ನು ಯಾರೂ ಮುಟ್ಟಲಿಲ್ಲ. ಜೀವನಚಕ್ರದಲ್ಲಿ ಕೈಗೆಟಕುವ ಕೊಂಡಿ ನಾಯಿ ಮಾತ್ರ. ಅದನ್ನು ಕಳಚಿದರೆ ಸಾಕಾಯಿತು.

ಯಮಾಲ್ 2016

2016ರ ಬೇಸಗೆಯಲ್ಲಿ ಸೈಬೀರಿಯದ ಯಮಾಲ್‌ನಲ್ಲಿ ಉಷ್ಣತೆ 35 ಡಿಗ್ರಿಯ ಹತ್ತಿರಕ್ಕೆ ಏರಿತು. ಹಿಮಸಾರಂಗಗಳು ಸಾಯತೊಡಗಿದವು. ಮೊದಲು ಬಿಸಿಲ ಝಳ ಎಂದುಕೊಂಡರು. ಅದು ನಮ್ಮ ರೈತರು ನೆರಡಿ ರೋಗ ಎನ್ನುವ ಆಂಥ್ರಾಕ್ಸ್ ಆಗಿತ್ತು. 2,000ಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು. ಹತ್ತಾರು ನೆನೆಟ್ಸ್ ಜನ ರೋಗಪೀಡಿತರಾದರು; 12 ವರ್ಷದ ಬಾಲಕನೊಬ್ಬ ಅಸುನೀಗಿದ.

ಆಂಥ್ರಾಕ್ಸ್ ಬ್ಯಾಕ್ಟೀರಿಯ ಪ್ರತಿಕೂಲ ಪರಿಸ್ಥಿತಿಯಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯಬಲ್ಲದು. ಯಮಾಲ್‌ನಲ್ಲಿ ಅದಕ್ಕೆ ಹಿಂದಿನ ಹಾವಳಿ ನಡೆದದ್ದು 1941ರಲ್ಲಿ. ಆಗ ಸತ್ತ ಪ್ರಾಣಿಗಳು ಬಿದ್ದಿದ್ದ ನಿತ್ಯಹಿಮದ ನೆಲ ಕರಗಿ ಬೀಜಾಣುಗಳು ಮೇಲೆ ಬಂದವು ಎಂಬುದು ಪ್ರಬಲವಾದ ವಿವರಣೆ. ಹಿಮದೊಳಗಿನಿಂದ ಎದ್ದುಬಂದ ಭೂತ ಎಂಬಂತೆ ಪತ್ರಿಕೆಗಳು ಇದನ್ನು ಬಣ್ಣಿಸಿದವು. ಬಣ್ಣನೆ ಆಕರ್ಷಕವಾದರೂ ಅದರಲ್ಲಿ ಒಂದು ಸರಳ ಸಂಗತಿ ಮರೆಯಾಯಿತು. ಅಲ್ಲಿ ಹಿಮಸಾರಂಗಗಳಿಗೆ ಆಂಥ್ರಾಕ್ಸ್ ಲಸಿಕೆ ಹಾಕುವುದನ್ನು 2007ರಲ್ಲಿ ನಿಲ್ಲಿಸಲಾಗಿತ್ತು. ಹಲವು ದಶಕಗಳಿಂದ ರೋಗ ಕಾಣಿಸಿಲ್ಲ, ಇನ್ನೇಕೆ ಲಸಿಕೆ ಎಂಬ ಲೆಕ್ಕಾಚಾರ. ಬಿಸಿಲು ಬೀಜಾಣುವನ್ನು ಹೊರತಂದಿರಬಹುದು. ಅದಕ್ಕೆ ರೋಧಶಕ್ತಿಯಿಲ್ಲದ ಸಾವಿರಾರು ಪ್ರಾಣಿಗಳನ್ನು ಒದಗಿಸಿಕೊಟ್ಟದ್ದು ಈ ಲೆಕ್ಕಾಚಾರ. 2016ರ ಅನಂತರ ಲಸಿಕೆ ಮತ್ತೆ ಆರಂಭವಾಯಿತು.

ಇನ್ನು ಕೆಲವು

ಹಿಮಸಾರಂಗಗಳಲ್ಲಿ ಬ್ರುಸೆಲ್ಲ ರೋಗವಿದೆ. ಹಸುಗಳಲ್ಲಿ ಕಂದು ಹಾಕಿಸುವ ಬ್ಯಾಕ್ಟೀರಿಯದ ನಂಟನೊಂದು ಇದಕ್ಕೆ ಕಾರಣ. ಹಿಮಸಾರಂಗದ ಹಸಿ ಮಜ್ಜೆ ತಿಂದವರಿಗೆ ಇದು ತಗಲಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಇದರ ಲಕ್ಷಣ. ಊದಿದ ಮಂಡಿಯ ಹಿಮಸಾರಂಗವನ್ನು ಅನುಭವಿ ಬೇಟೆಗಾರರು ದೂರದಿಂದಲೇ ಗುರುತಿಸುತ್ತಾರೆ. ಸೀಲ್ ಸುಲಿಯುವವರ ಕೈಗೆ ಆಗುವ 'ಸೀಲ್ ಬೆರಳು' ಎಂಬ ಸೋಂಕು ಇನ್ನೊಂದು. ಬೆರಳು ಊದಿ ಅಸಾಧ್ಯ ನೋವು. ಇದಕ್ಕೆ ಪೆನಿಸಿಲಿನ್ ಕೊಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಕಾರಣವಾದ ಮೈಕೊಪ್ಲಾಸ್ಮಕ್ಕೆ ಪೆನಿಸಿಲಿನ್ ಕೆಡವಬೇಕಾದ ಕೋಶಭಿತ್ತಿಯೇ ಇಲ್ಲ! ಟೆಟ್ರಸೈಕ್ಲಿನ್ ಕೊಟ್ಟರೆ ವಾಸಿಯಾಗುತ್ತದೆ. ದಕ್ಷಿಣದಿಂದ ಹೊಸದಾಗಿ ಹೋದ ವೈದ್ಯರು ಇದನ್ನು ಮೊದಲು ಹಳ್ಳಿಗರ ಬಾಯಿಂದಲೇ ಕೇಳಬೇಕಾಗುತ್ತದೆ.

ಬಾಟುಲಿಸಂ ಎಂಬ ಆಹಾರವಿಷ ಕಟ್ಟುನಿಟ್ಟಾಗಿ ಪ್ರಾಣಿಜನ್ಯ ರೋಗವಲ್ಲ, ಆದರೂ ಹೇಳದೆ ಬಿಡುವಂತಿಲ್ಲ. ಅಲಾಸ್ಕದ ಜನ ಮೀನಿನ ತಲೆ ಮುಂತಾದುವನ್ನು ಹುಲ್ಲು ಹಾಸಿದ ಗುಂಡಿಯಲ್ಲಿ ಹೂತು ತಂಪಿನಲ್ಲಿ ಹುಳಿಬರಿಸುತ್ತಿದ್ದರು. 1970ರ ದಶಕದಿಂದೀಚೆಗೆ ಗುಂಡಿಯ ಬದಲು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಚೀಲಗಳು ಬಂದವು. ಡಬ್ಬಿಯನ್ನು ಬೆಚ್ಚಗಿನ ಕಡೆ ಇಟ್ಟರೆ ಕೆಲಸ ಬೇಗ ಆಗುತ್ತದೆ. ಗಾಳಿಯಾಡದ ಬೆಚ್ಚಗಿನ ಜಾಗವೇ ಬಾಟುಲಿಸಂ ಬ್ಯಾಕ್ಟೀರಿಯಕ್ಕೆ ಬೇಕಾದುದು. ರೋಗ ಹೆಚ್ಚಿತು. ಹಳೆಯ ಪದ್ಧತಿಯ ಅಪಾಯ ಸಣ್ಣದಿತ್ತು. ಅರ್ಧ ಬದಲಾದ ಪದ್ಧತಿಯ ಅಪಾಯ ದೊಡ್ಡದಾಯಿತು.

ಈಗ ನೆಲವೇ ಬದಲಾಗುತ್ತಿದೆ. ಉತ್ತರ ಅಲಾಸ್ಕದ ಉಟ್ಕಿಯಾಗ್ವಿಕ್ ಊರಿನಲ್ಲಿ ತಿಮಿಂಗಿಲದ ಮಾಂಸ ಇಡಲು ನಿತ್ಯಹಿಮದಲ್ಲಿ ಕೊರೆದಿದ್ದ ನೆಲಮಾಳಿಗೆಗಳಲ್ಲಿ ಹಲವಕ್ಕೆ ನೀರು ನುಗ್ಗಿದೆ, ಕೆಲವು ಕುಸಿದಿವೆ. ಅದೇ ಊರಿನ ಬಳಿ 2023ರಲ್ಲಿ ಸತ್ತು ಬಿದ್ದಿದ್ದ ಹಿಮಕರಡಿಯೊಂದರ ದೇಹದಲ್ಲಿ ಹಕ್ಕಿಜ್ವರದ ವೈರಸ್ ಪತ್ತೆಯಾಯಿತು. ಹಕ್ಕಿಜ್ವರದಿಂದ ಸತ್ತ ಹಕ್ಕಿಯನ್ನು ಅದು ತಿಂದಿರಬೇಕೆಂಬುದು ಊಹೆ. ವಸಂತದಲ್ಲಿ ದಕ್ಷಿಣದಿಂದ ಮರಳುವ ಬಾತುಗಳ ಬೇಟೆ ಅಲ್ಲಿನ ಮನೆಮನೆಯ ಸಂಭ್ರಮ. ಮಕ್ಕಳು, ಅಜ್ಜಿಯರು ಕೂಡಿ ಕೂತು ಪುಕ್ಕ ತರಿಯುತ್ತಾರೆ. ಈಗ ಬೇಟೆಗಾರರಿಗೆ ಆರೋಗ್ಯ ಇಲಾಖೆಗಳು ಹೇಳುವುದಿಷ್ಟು: ಕಾಯಿಲೆಬಿದ್ದಂತೆ ಕಾಣುವ ಹಕ್ಕಿಯನ್ನು ಹೊಡೆಯಬೇಡಿ, ಸತ್ತು ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಎಲ್ಲಿ ಕಂಡಿತೆಂದು ತಿಳಿಸಿ, ಪುಕ್ಕ ತರಿಯುವಾಗ ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಕೈ ಮತ್ತು ಚಾಕುಗಳನ್ನು ತೊಳೆಯಿರಿ. ಬೇಟೆಗೆ ಹೋಗಬೇಡಿ ಎಂದು ಅವು ಹೇಳಿಲ್ಲ.